ಮಸ್ಕಿಯ ಕಲ್ಲು, ಹಟ್ಟಿಯ ಧೂಳು

ಮಸ್ಕಿ ಅಂದ ಕೂಡಲೇ ಪಠ್ಯಪುಸ್ತಕಗಳು ಅಶೋಕ ಅನ್ನುತ್ತವೆ. 1915ರಲ್ಲಿ ಆ ಶಾಸನವನ್ನು ಕಂಡವನು ಸಿ. ಬೀಡನ್. ಶಾಸನ ಹುಡುಕುವ ಪಂಡಿತನಲ್ಲ, ಬಂಗಾರದ ಗಣಿಯ ಇಂಜಿನಿಯರ್. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧರ್ಮದ ಫಲ ಸಿಗುತ್ತದೆಂದು ಆ ಕಲ್ಲು ಸಾರುತ್ತದೆ. ಸಣ್ಣವರು ಎಂಥ ಗಾಳಿ ಕುಡಿದರು ಅನ್ನೋದನ್ನು ಮಾತ್ರ ಯಾವ ಕಲ್ಲಿನ ಮೇಲೂ ಕೊರೆದಿಲ್ಲ.

ಮಸ್ಕಿಯ ಉತ್ತರಕ್ಕೆ ಹಟ್ಟಿ. ಅಲ್ಲಿ ಹಳಬರು ತೋಡಿದ ಗುಂಡಿಗಳು 600 ಅಡಿಗೂ ಆಳ, ಸುಮಾರು ಎರಡು ಸಾವಿರ ವರ್ಷದವು. ಸಿಡಿಮದ್ದು ಇಲ್ಲದ ಕಾಲ. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು, ಕಾದ ಮೇಲೆ ನೀರು ಸುರಿಯುವುದು, ಬಿರಿದ ಕಲ್ಲನ್ನು ಒಡೆಯುವುದು. ಗಾಳಿ ಆಡದ ಆ ಗುಂಡಿಯೊಳಗಿನ ಹೊಗೆ ಎಲ್ಲಿಗೆ ಹೋಗಬೇಕು? ಮನುಷ್ಯರ ಎದೆಗೇ ಹೋಗಬೇಕು.

ನಿಜಾಮರ ಕಾಲಕ್ಕೆ ಕಂಪನಿ ಬಂತು, ಯಂತ್ರ ಬಂತು. ಹೊಗೆಯ ಜಾಗದಲ್ಲಿ ಧೂಳು ಕೂತಿತು. ಬಂಗಾರ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ, ಕಣ್ಣಿಗೇ ಕಾಣದ ಧೂಳು ಪುಪ್ಪುಸದ ತಳಕ್ಕಿಳಿದು ಕಲೆ ಕಟ್ಟುತ್ತದೆ. ಕೆಮ್ಮು, ದಮ್ಮು, ಬೆನ್ನಿಗೇ ಕ್ಷಯ. ಗಣಿ ಬಿಟ್ಟು ಊರಿಗೆ ಬಂದರೂ ರೋಗ ಬೆಳೆಯುತ್ತಲೇ ಇರುತ್ತದೆ. ಹೆಸರು ಸಿಲಿಕೋಸಿಸ್. ವಾಸಿ ಮಾಡುವ ಮದ್ದಿಲ್ಲ. ತಡೆಯುವ ದಾರಿ ಮಾತ್ರ ಎಲ್ಲರಿಗೂ ಗೊತ್ತು: ನೀರು ಹರಿಸುತ್ತ ಕೊರೆಯಬೇಕು, ಒಳಕ್ಕೆ ಗಾಳಿ ತಳ್ಳಬೇಕು. ಖರ್ಚಾಗುತ್ತದೆ, ಅಷ್ಟೆ.

ಈ ರೋಗದ ಹಳೆಯ ಲೆಕ್ಕ ಸಿಗುವುದು ಕೋಲಾರದ ಗಣಿಗಳಲ್ಲಿ. 1940ರ ದಶಕದಲ್ಲಿ ಅಲ್ಲಿ 7,653 ಕೆಲಸಗಾರರನ್ನು ಪರೀಕ್ಷೆ ಮಾಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಎದೆಯಲ್ಲಿ ಸಿಲಿಕೋಸಿಸ್ ಇತ್ತು. ನೆಲದೊಳಕ್ಕೆ ಇಳಿದವರಲ್ಲಿ ಬಹಳ ಮಂದಿ ತಮಿಳು, ತೆಲುಗು ಸೀಮೆಯ ದಲಿತರು. ಊರಿನವರು ನಮ್ಮ ನೆರಳನ್ನು ಮೈಲಿಗೆ ಅಂದರು. ನಮ್ಮ ಎದೆಯ ಧೂಳಿನಿಂದ ಬಂದ ಬಂಗಾರ ಯಾರಿಗೂ ಮೈಲಿಗೆ ಆಗಲಿಲ್ಲ.

1981ರಲ್ಲಿ ವಾಯು ಮಾಲಿನ್ಯ ತಡೆ ಕಾಯ್ದೆ ಬಂತು. ಅದರ ಕಣ್ಣು ಚಿಮಣಿಯ ಮೇಲೆ, ಬಯಲಿನ ಗಾಳಿಯ ಮೇಲೆ. ಸಿಂಧನೂರಿನ ಅಕ್ಕಿ ಮಿಲ್ಲಿನ ಬೂದಿ ಅದಕ್ಕೆ ಕಂಡೀತು. ಹತ್ತಿಕಟಿಗಿ, ಕುಳ್ಳು ಉರಿಸುವ ನಮ್ಮವ್ವಂದಿರ ಒಲೆಯ ಮುಂದಕ್ಕೆ ಅದು ಬರುವುದಿಲ್ಲ. ಕಿಟಕಿ ಇಲ್ಲದ ಗುಡಿಸಲಿಗೂ ಆ ಹಳೆಯ ಗುಂಡಿಗೂ ಏನು ಫರಕು? 2016ರಲ್ಲಿ ಉಜ್ವಲಾ ಸಿಲಿಂಡರು ಬಂತು. ಮತ್ತೆ ತುಂಬಿಸಲು ರೊಕ್ಕ ಇಲ್ಲದ ಮನೆಯಲ್ಲಿ ಅದು ಮೂಲೆ ಸೇರಿತು.

ಅತಿ ಸಣ್ಣ ಧೂಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಮಿತಿ 40. ನಮ್ಮ ಪುಪ್ಪುಸ ಎಂಟು ಪಟ್ಟು ಗಟ್ಟಿ ಅಂತ ಲೆಕ್ಕವೋ ಏನೋ! ಇದು ಸಾಲದೆಂಬಂತೆ, 2023ರ ಜನ ವಿಶ್ವಾಸ್ ಕಾಯ್ದೆ ವಾಯು ಕಾಯ್ದೆಯ ಬಹುಪಾಲು ತಪ್ಪುಗಳಿಗಿದ್ದ ಜೈಲು ಶಿಕ್ಷೆ ತೆಗೆದು ದಂಡ ಇಟ್ಟಿತು.

ಹಟ್ಟಿ ಗಣಿ ಇವತ್ತೂ ನಡೆದಿದೆ, ಸರ್ಕಾರದ್ದೇ ಕಂಪನಿ. ತೆಗೆದ ಬಂಗಾರದ ತೂಕ ವರ್ಷಾವರ್ಷ ವರದಿಯಲ್ಲಿ ಅಚ್ಚಾಗುತ್ತದೆ. ಅದರ ಪಕ್ಕದಲ್ಲೇ ನಿವೃತ್ತರು, ಗುತ್ತಿಗೆಯವರು ಸೇರಿ ಎಷ್ಟು ಜನರ ಎದೆಯ ಎಕ್ಸ್‌ರೇ ತೆಗೆದರು, ಎಷ್ಟರಲ್ಲಿ ಕಲೆ ಕಂಡಿತು ಎಂಬುದನ್ನೂ ಅಚ್ಚು ಹಾಕಿಸಿ ಎಂದು ನಾವು ಕೇಳುತ್ತೇವೆ.