ಸರ್ವರ್ ಅಂದ್ರೆ ಯಾರು? ಪಹಣಿ ಕಂಪ್ಯೂಟರ್ ಸೇರಿದ ಕಥೆ

ಬೆಳಿಗ್ಗೆ ತುಮಕೂರಿಂದ ಬೆಂಗಳೂರಿಗೆ ಹೋಗೋ ಟ್ರೈನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಕೇಳ್ತಿರೋರಿಗೆ ನಮಸ್ಕಾರ. ಇವತ್ತಿನ ಕಥೆ ಶುರು ಆಗೋದು ನಮ್ಮ ತಾತನ ಒಂದು ಪ್ರಶ್ನೆಯಿಂದ.

ಕೆಲವು ವರ್ಷಗಳ ಹಿಂದೆ ತಾತನ ಜೊತೆ ನಮ್ಮ ಕಡೆಯ ಒಂದು ಕಚೇರಿಗೆ ಪಹಣಿ ತರೋಕೆ ಹೋಗಿದ್ದೆ. ಗುಬ್ಬಿ ತಾಲ್ಲೂಕಿನ ಹಳ್ಳಿ ನಮ್ಮದು, ಒಂದಿಷ್ಟು ತೆಂಗು, ಅಡಿಕೆ. ಕೌಂಟರಿನವರು ತಲೆ ಎತ್ತದೇ ಹೇಳಿದ್ರು: "ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ." ಹೊರಗೆ ಬಂದ ಮೇಲೆ ತಾತ ಮೆಲ್ಲಗೆ ಕೇಳಿದ್ರು: "ಅದ್ಯಾರ್ಲಾ ಸರ್ವರ್ರು? ರಜಾ ಹಾಕವ್ರಾ?"

ನಾನು ನಕ್ಕೆ. ಆದ್ರೆ ಈ ಎಪಿಸೋಡಿಗೆ ಓದ್ತಾ ಓದ್ತಾ ಅನಿಸಿದ್ದು, ತಾತ ಕೇಳಿದ್ದು ಸರಿಯಾದ ಪ್ರಶ್ನೆನೇ. ಯಾಕಂದ್ರೆ ಅವರ ಕಾಲದಲ್ಲಿ ಪಹಣಿ ಸಿಗಲಿಲ್ಲ ಅಂದ್ರೆ ಅದಕ್ಕೆ ಒಬ್ಬ ಮನುಷ್ಯ ಕಾರಣ ಆಗಿರ್ತಿದ್ದ.

ಮೊದಲು ಶಾನುಭೋಗರು. ವಂಶಪಾರಂಪರ್ಯವಾಗಿ ಬಂದ ಹುದ್ದೆ, ಊರಿನ ಲೆಕ್ಕ ಅವರ ಕೈಯಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಆ ಪದ್ಧತಿ ಹೋಯ್ತು, ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಇಡೀ ರಾಜ್ಯಕ್ಕೆ ಸುಮಾರು 9,000 ಜನ, ಒಬ್ಬೊಬ್ಬರಿಗೆ ಮೂರ್ನಾಲ್ಕು ಹಳ್ಳಿ. ಯಾವ ಸರ್ವೆ ನಂಬರ್ ಯಾರದ್ದು, ಏನು ಬೆಳೆ, ಯಾರ ಸಾಲ ಇದೆ, ಎಲ್ಲಾ ಅವರ ಪುಸ್ತಕದಲ್ಲಿ. ಅವರು ಊರಲ್ಲಿ ಇಲ್ಲ ಅಂದ್ರೆ ಪಹಣಿನೂ ಇಲ್ಲ. 'ಭೂಮಿ' ಯೋಜನೆ ಬಗ್ಗೆ ಬಂದ ಅಧ್ಯಯನಗಳ ಪ್ರಕಾರ ಆಗ ಒಂದು ಪಹಣಿ ಪಡೆಯೋಕೆ 3ರಿಂದ 30 ದಿನ ಹಿಡೀತಿತ್ತು, ಕೈಬೆಚ್ಚಗೆ 100 ರೂಪಾಯಿಯಿಂದ 2,000 ರೂಪಾಯಿವರೆಗೆ.

ಈಗ ಸಾಫ್ಟ್‌ವೇರ್ ಕಡೆ ಬರೋಣ. ನಾನು ಬಿಕಾಂ, ಕೋಡ್ ಬರೆಯೋನಲ್ಲ, ಆದ್ರೂ ಇದನ್ನ ಅರ್ಥ ಮಾಡ್ಕೊಳ್ಳೋಕೆ ಕೋಡ್ ಬೇಕಿಲ್ಲ. 'ಹೈ ಅವೈಲಬಿಲಿಟಿ' ಅಂತಾರಲ್ಲ, ಅದರ ಮೂಲ ಒಂದೇ ಪ್ರಶ್ನೆ: ಯಾವುದೋ ಒಂದು ಭಾಗ ಕೆಟ್ಟರೆ ಇಡೀ ಕೆಲಸ ನಿಲ್ಲುತ್ತಾ? ನಿಲ್ಲುತ್ತೆ ಅಂದ್ರೆ ಅದು ಒಂಟಿ ಕೊಂಡಿ. ಆ ಕೊಂಡಿಗೆ ಜೋಡಿ ಹಾಕಬೇಕು. ಅಮೆರಿಕದಲ್ಲಿ 1974ರಲ್ಲಿ ಶುರುವಾದ ಟ್ಯಾಂಡೆಮ್ ಅನ್ನೋ ಕಂಪನಿ ಇದನ್ನೇ ವ್ಯಾಪಾರ ಮಾಡ್ಕೊಳ್ತು. ಪ್ರೊಸೆಸರ್, ಡಿಸ್ಕ್, ಪವರ್ ಸಪ್ಲೈ ಎಲ್ಲಕ್ಕೂ ಜೋಡಿ ಇಟ್ಟು, 'ನಾನ್‌ಸ್ಟಾಪ್' ಅಂತ ಹೆಸರಿಟ್ಟು, 1976ರಲ್ಲಿ ಮೊದಲನೇ ಯಂತ್ರವನ್ನ ಸಿಟಿಬ್ಯಾಂಕಿಗೆ ಮಾರಿದ್ರು. ನಮ್ಮ ಗ್ರಾಮ ಲೆಕ್ಕಿಗರ ಪುಸ್ತಕ ಒಂದು ಒಂಟಿ ಕೊಂಡಿ. ಅದಕ್ಕೆ ಜೋಡಿ ಇರಲಿಲ್ಲ.

ಕರ್ನಾಟಕದಲ್ಲಿ ಪಹಣಿಯನ್ನ ಕಂಪ್ಯೂಟರಿಗೆ ಹಾಕೋ ಮೊದಲ ಪ್ರಯತ್ನ 1991ರದ್ದು, ಒಂದು ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲಾ ಜಿಲ್ಲೆಗೂ ಮಂಜೂರಾತಿ ಸಿಕ್ಕಿತ್ತು. ಅದು ಕೈಹತ್ತಲಿಲ್ಲ. ಕಾರಣ ಕೇಳಿದ್ರೆ ಆಶ್ಚರ್ಯ ಆಗುತ್ತೆ: ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡೋ ಏರ್ಪಾಡೇ ಯೋಜನೆಯಲ್ಲಿ ಇರಲಿಲ್ಲ! ಪಹಣಿ ತಿದ್ದುಪಡಿ ಆಗೋದು ತಾಲ್ಲೂಕಲ್ಲಿ, ಕಂಪ್ಯೂಟರ್ ಇದ್ದಿದ್ದು ಬೇರೆ ಕಡೆ. ಇಲ್ಲಿ ಜಮೀನು ಮಾರಾಟ ಆಗಿದೆ, ಅಲ್ಲಿ ಹಳೇ ಹೆಸರೇ ಕೂತಿದೆ. ಮೆಷಿನ್ ಚೆನ್ನಾಗೇ ಓಡ್ತಿದೆ, ಆದ್ರೆ ಉತ್ತರ ತಪ್ಪು. ತಪ್ಪು ಪಹಣಿ ಇಪ್ಪತ್ನಾಲ್ಕು ಗಂಟೆ ಸಿಕ್ಕರೂ ಯಾರಿಗೆ ಬೇಕು?

ಆಮೇಲೆ ಬಂದಿದ್ದು 'ಭೂಮಿ'. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿ, ಸಾಫ್ಟ್‌ವೇರ್ ಬರೆದಿದ್ದು ಎನ್‌ಐಸಿ, ಅಂದ್ರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸುಮಾರು 2 ಕೋಟಿ ದಾಖಲೆ, 67 ಲಕ್ಷ ಭೂಮಾಲೀಕರು. ಈ ಸಲ ಪ್ರತಿ ತಾಲ್ಲೂಕು ಕಚೇರಿಗೂ ಅದರದ್ದೇ ಕಂಪ್ಯೂಟರ್ ಕೇಂದ್ರ. ಗುಬ್ಬಿಗೆ ಗುಬ್ಬಿಯದ್ದು, ಕುಣಿಗಲ್‌ಗೆ ಕುಣಿಗಲ್‌ದು. 15 ರೂಪಾಯಿ ಕೊಟ್ರೆ ಪ್ರಿಂಟ್. ಕೌಂಟರಲ್ಲಿ ಎರಡನೇ ಪರದೆ ಒಂದನ್ನ ರೈತರ ಕಡೆಗೆ ತಿರುಗಿಸಿ ಇಟ್ರು. ಒಳಗೆ ಏನು ಟೈಪ್ ಆಗ್ತಿದೆ ಅಂತ ಹೊರಗೆ ನಿಂತೋರಿಗೂ ಕಾಣ್ಲಿ ಅಂತ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಖಾತೆ ಬದಲಾವಣೆ ಅರ್ಜಿಗಳು ಬಂದ ಸಾಲಿನಲ್ಲೇ ಮುಂದೆ ಹೋಗಬೇಕು, ಹಿಂದಿನದ್ದನ್ನ ಹಾರಿಸೋ ಹಾಗಿಲ್ಲ.

ನನಗೆ ಇಷ್ಟ ಆಗಿದ್ದು ಇದನ್ನ ಜಾರಿಗೆ ತಂದ ರೀತಿ. ಒಂದೇ ದಿನ ಇಡೀ ರಾಜ್ಯಕ್ಕೆ ಸ್ವಿಚ್ ಒತ್ತಲಿಲ್ಲ. ಮೊದಲು ಕೈಬರಹದ ಪಹಣಿಗಳನ್ನ ಟೈಪ್ ಮಾಡಿಸಿದ್ರು, ಪ್ರಿಂಟ್ ತೆಗೆದು ಅದೇ ಗ್ರಾಮ ಲೆಕ್ಕಿಗರ ಕೈಲಿ ತಾಳೆ ನೋಡಿಸಿದ್ರು. ಒಂದು ತಾಲ್ಲೂಕು ರೆಡಿ ಆದ ಮೇಲೆ, ಆ ತಾಲ್ಲೂಕಿಗೆ ಮಾತ್ರ, ಇನ್ಮೇಲೆ ಕೈಬರಹದ ಪಹಣಿ ನಡೆಯಲ್ಲ ಅಂತ ಅಧಿಸೂಚನೆ. ಆಮೇಲೆ ಮುಂದಿನ ತಾಲ್ಲೂಕು. ಹೀಗೆ 2002ರ ಹೊತ್ತಿಗೆ ರಾಜ್ಯದ ಎಲ್ಲಾ ತಾಲ್ಲೂಕು ಮುಗೀತು. ಇವತ್ತಿನ ಕಂಪನಿಗಳು ಹೊಸ ವರ್ಷನ್‌ನ ಸ್ವಲ್ಪ ಸ್ವಲ್ಪ ಜನಕ್ಕೆ ಬಿಡ್ತಾವಲ್ಲ, ಅದೇ ಲೆಕ್ಕ.

ಆದ್ರೆ ಆ ಅಧಿಸೂಚನೆಯ ಇನ್ನೊಂದು ಮುಖ ನೋಡಿ. ಕೈಬರಹ ರದ್ದಾದ ಕ್ಷಣದಿಂದ ಹಿಂದಕ್ಕೆ ಹೋಗೋ ದಾರಿ ಮುಚ್ಚಿತು. ಮೆಷಿನ್ ನಿಂತರೆ ಪೆನ್ನು ಹಿಡಿದು ಬರೆದುಕೊಡೋ ಅಧಿಕಾರ ಯಾರಿಗೂ ಇಲ್ಲ. ಲಂಚ ನಿಲ್ಲಿಸೋಕೆ ಅದು ಬೇಕೇ ಬೇಕಿತ್ತು, ಒಪ್ತೀನಿ. ಎರಡೂ ನಡೆಯುತ್ತೆ ಅಂದಿದ್ರೆ ಹಳೇ ಪುಸ್ತಕನೇ ಗೆಲ್ತಿತ್ತು. ಆದ್ರೆ ಅವತ್ತಿನಿಂದ ಕಂಪ್ಯೂಟರ್ ನಿಲ್ಲೋ ಹಾಗಿಲ್ಲ ಅನ್ನೋದು ಸರ್ಕಾರ ತಲೆ ಮೇಲೆ ಹೊತ್ಕೊಂಡ ಮಾತು.

ತಾಲ್ಲೂಕಿಗೊಂದು ಸರ್ವರ್ ಇದ್ದಾಗ ಒಂದು ಅನುಕೂಲ ಇತ್ತು. ಗುಬ್ಬಿಯದ್ದು ಕೆಟ್ಟರೆ ಗುಬ್ಬಿಗೆ ಮಾತ್ರ ತೊಂದರೆ, ಕುಣಿಗಲ್ ಆರಾಮಾಗಿ ನಡೀತಿರುತ್ತೆ. ಅನಾನುಕೂಲನೂ ಇತ್ತು: ಒಂದು ತಾಲ್ಲೂಕಿನ ಇಡೀ ದಾಖಲೆ ಒಂದು ರೂಮಲ್ಲಿ. ಈ ಭಯ ನನಗೆ ಚೆನ್ನಾಗಿ ಗೊತ್ತು. ಡಿಗ್ರಿ ಮುಗಿದ ಮೇಲೆ ಸ್ವಲ್ಪ ದಿನ ಅಂಗಡಿಗಳ ಲೆಕ್ಕ ಬರೀತಿದ್ದೆ. ಎಷ್ಟೋ ಕಡೆ ಟ್ಯಾಲಿ ಬ್ಯಾಕಪ್ ಇರೋ ಪೆನ್‌ಡ್ರೈವ್, ಕಂಪ್ಯೂಟರ್ ಇಟ್ಟಿರೋ ಟೇಬಲ್ಲಿನ ಡ್ರಾನಲ್ಲೇ! ಬೆಂಕಿ ಬಿದ್ರೆ ಎರಡೂ ಒಟ್ಟಿಗೆ ಹೋಗ್ತವೆ.

ಹಾಗಾಗಿ ಮುಂದಿನ ಹೆಜ್ಜೆ ಸಹಜವಾಗಿತ್ತು. ತಾಲ್ಲೂಕುಗಳ ಡೇಟಾ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯ್ತು, ಕೆಸ್ವಾನ್ ಅನ್ನೋ ಸರ್ಕಾರಿ ನೆಟ್‌ವರ್ಕ್ ಎಲ್ಲವನ್ನ ಜೋಡಿಸಿತು. ನಾಡಕಚೇರಿಯಲ್ಲೂ ಪಹಣಿ ಸಿಗೋಕೆ ಶುರುವಾಯ್ತು, ಆಮೇಲೆ ನಮ್ಮ ಮೊಬೈಲಲ್ಲೇ. ಡೇಟಾ ಕಳೆದುಹೋಗೋ ಭಯ ಕಮ್ಮಿ ಆಯ್ತು. ಬದಲಿಗೆ ಇನ್ನೊಂದು ಭಯ ಬಂತು: ಈಗ ನಡುವಿನದ್ದು ನಿಂತರೆ ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲಾ ಒಂದೇ ಸಲ ನಿಲ್ತವೆ.

ಅದು ಹೇಗಿರುತ್ತೆ ಅಂತ 2025ರ ಶುರುವಿನಲ್ಲಿ ನೋಡಿದ್ವಿ. ಪಹಣಿದಲ್ಲ, ಅದರ ಅಕ್ಕಪಕ್ಕದ 'ಕಾವೇರಿ 2.0', ಆಸ್ತಿ ನೋಂದಣಿ ತಂತ್ರಾಂಶ. ಜನವರಿಯಲ್ಲಿ ಅದು ಕುಂಟೋಕೆ ಶುರುವಾಗಿ ಉಪನೋಂದಣಿ ಕಚೇರಿಗಳಲ್ಲಿ ಜನ ಕಾದು ಕಾದು ವಾಪಸ್ ಹೋದ್ರು. ಮೊದಲು ತಾಂತ್ರಿಕ ತೊಂದರೆ ಅಂದ್ಕೊಂಡ್ರು. ಆಮೇಲೆ ಇ-ಆಡಳಿತ ಇಲಾಖೆ ಹೇಳಿದ್ದು ಇದು ಡಿಡಿಒಎಸ್ ದಾಳಿ ಅಂತ: ನಕಲಿ ಖಾತೆಗಳಿಂದ ಋಣಭಾರ ಪತ್ರ ಹುಡುಕೋ ನೆಪದಲ್ಲಿ ಎರಡು ಗಂಟೆಯಲ್ಲಿ 6.2 ಲಕ್ಷ ಸುಳ್ಳು ಕೋರಿಕೆ. ಅಂಗಡಿ ಬಾಗಿಲಲ್ಲಿ ಏನೂ ಕೊಳ್ಳದ ಸಾವಿರ ಜನ ನಿಂತ್ಕೊಂಡ್ರೆ ನಿಜವಾದ ಗಿರಾಕಿ ಒಳಗೆ ಹೋಗೋದು ಹೇಗೆ? ಹಾಗೆ. ಮೆಷಿನ್‌ಗೆ ಜೋಡಿ ಇಟ್ಟರೆ ಸಾಲದು, ಬಾಗಿಲಿಗೂ ಕಾವಲು ಬೇಕು.

ಕಂಪನಿಗಳು ಇದನ್ನೆಲ್ಲಾ ಶೇಕಡಾ ಲೆಕ್ಕದಲ್ಲಿ ಹೇಳ್ತವೆ. ಶೇ 99 ಅಂದ್ರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಜಾಸ್ತಿ ನಿಂತಿರಬಹುದು. ಶೇ 99.9 ಅಂದ್ರೆ ಹತ್ತಿರತ್ತಿರ 9 ಗಂಟೆ. ಶೇ 99.99 ಅಂದ್ರೆ 53 ನಿಮಿಷ. ಕೇಳೋಕೆ ಚೆನ್ನಾಗಿದೆ. ಆದ್ರೆ ಲೆಕ್ಕ ಕಲಿತೋನಾಗಿ ನನ್ನ ತಕರಾರು ಏನಂದ್ರೆ, ಆ 9 ಗಂಟೆ ಯಾವ 9 ಗಂಟೆ ಅನ್ನೋದು ಅಲ್ಲಿ ಬರೋದೇ ಇಲ್ಲ. ರಾತ್ರಿ ಎರಡು ಗಂಟೆಗೆ ನಿಂತರೆ ಯಾರಿಗೂ ಗೊತ್ತಾಗಲ್ಲ. ಬೆಳೆ ಸಾಲದ ಕೊನೇ ದಿನ ಮಧ್ಯಾಹ್ನ ನಿಂತರೆ? ಕೋರ್ಟಲ್ಲಿ ಜಾಮೀನಿಗೆ ನಿಲ್ಲೋರು ಸಾಮಾನ್ಯವಾಗಿ ಪಹಣಿ ತೋರಿಸಬೇಕು. ಶನಿವಾರ ಸಂಜೆ ಪಹಣಿ ಸಿಗಲಿಲ್ಲ ಅಂದ್ರೆ ಒಬ್ಬ ಮನುಷ್ಯ ಸೋಮವಾರದವರೆಗೆ ಜೈಲಲ್ಲೇ ಇರ್ತಾನೆ. ವರ್ಷದ ಕೊನೆಗೆ ವರದಿಯಲ್ಲಿ ಶೇ 99.9 ಅಂತಲೇ ಇರುತ್ತೆ.

ತಾತ ಮಾರನೇ ದಿನ ಮತ್ತೆ ಹೋದ್ರು, ಪಹಣಿ ಸಿಕ್ತು. ಬರುವಾಗ ಐದು ಜೆರಾಕ್ಸ್ ಮಾಡಿಸಿ ತಂದ್ರು. ಎರಡು ಟ್ರಂಕಲ್ಲಿ, ಎರಡು ಅತ್ತೆ ಮನೇಲಿ, ಒಂದು ನನ್ನ ಕೈಗೆ. "ಒಂದೇ ಕಡೆ ಮಡಗ್ಬಾರ್ದು ಕಣ್ಲಾ" ಅಂದ್ರು.

ನಿಮ್ಮ ಮನೆ ಟ್ರಂಕಲ್ಲಿ ಕೈಬರಹದ ಹಳೇ ಪಹಣಿ ಇದ್ದರೆ ಈ ಭಾನುವಾರ ತೆಗೆದು ನೋಡಿ, ಆ ಅಕ್ಷರ ಯಾರದ್ದು ಅಂತ ಮನೆಯ ಹಿರಿಯರನ್ನ ಕೇಳಿ. ಮುಂದಿನ ವಾರ ಸಿಗೋಣ.