ಬಂಡೆಗಲ್ಲಿನಿಂದ ಬೆಳಕಿನ ಪರದೆಯವರೆಗೆ: ನೋಟೀಸು ಬೋರ್ಡಿನ ಚರಿತ್ರೆ



ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಷೇರು, ಸಾಲ, ವಸೂಲಿ, ಲಾಭಾಂಶಗಳ ಲೆಕ್ಕ ಬರುವುದು ಸಹಜ. ಆದರೆ ಸೊಸೈಟಿಯ ಬಾಗಿಲ ಪಕ್ಕದಲ್ಲೇ ಇದ್ದು, ಯಾರ ಲೆಕ್ಕಕ್ಕೂ ಸಿಗದ ವಸ್ತು ಒಂದಿದೆ. ಅದು ನೋಟೀಸು ಬೋರ್ಡು. ಯರಗೇರಾ ಸುತ್ತಲಿನ ಹಳ್ಳಿಯ ರೈತ ಹೊಲದ ಕೆಲಸ ಬಿಟ್ಟು ಬಂದಾಗ ಕೇಳುವ ಮೊದಲ ಮಾತು, "ಗೊಬ್ಬರ ಬಂದೈತೇನ್ರಿ?" ಎಂಬುದು. ಬೋರ್ಡು ಸರಿಯಾಗಿದ್ದರೆ ಅವನ ಕೆಲಸ ಆಯಿತು. ಬೋರ್ಡಿನ ಮೇಲೆ ಹೋದ ವಾರದ ಮಾತೇ ಉಳಿದಿದ್ದರೆ ಅವನ ಬಸ್ಸಿನ ರೊಕ್ಕ ಹೋಯಿತು, ಒಂದು ದಿನದ ದುಡಿಮೆಯೂ ಹೋಯಿತು.

ಈಗ ಆ ಬೋರ್ಡು ಬೆಳಕಿನ ಪರದೆಯಾಗುತ್ತಿದೆ. ರೈಲು ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಪರದೆಯ ಮೇಲೆ ಬಂದು ಹೋಗುವ ಒಂದೊಂದು ಪುಟಕ್ಕೆ ಸ್ಲೈಡ್ ಅಂತಾರೆ. ಪುಟದ ಅಚ್ಚನ್ನು ಒಮ್ಮೆ ಸಿದ್ಧಮಾಡಿಟ್ಟು, ದಿನಾಲೂ ಬೇಕಾದ ಜಾಗದಲ್ಲಿ ಮಾತ್ರ ಅಕ್ಷರ, ಅಂಕಿ ಬದಲಿಸುವುದು ಇಲ್ಲಿನ ಕ್ರಮ. ಆ ಅಚ್ಚಿಗೆ ಟೆಂಪ್ಲೇಟ್ ಎಂದು ಹೆಸರು. ಇದು ನಿನ್ನೆ ಮೊನ್ನೆಯ ವಿದ್ಯೆ ಅನ್ನಿಸಬಹುದು. ಆದರೆ ಅದರ ಬೇರು ಹುಡುಕಲು ನಮ್ಮ ಜಿಲ್ಲೆ ಬಿಟ್ಟು ದೂರ ಹೋಗಬೇಕಾಗಿಲ್ಲ.

ಮಸ್ಕಿಯ ಬಂಡೆ ಹೇಳುವ ಮಾತು

1915ರ ಜನವರಿಯಲ್ಲಿ ಬಂಗಾರದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬುವರು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ಮಸ್ಕಿಯ ಬಂಡೆ ಆ ಹೆಸರನ್ನು ಹೇಳಿತು. ಇದು ನಮಗೆಲ್ಲ ಶಾಲೆಯಿಂದಲೇ ಗೊತ್ತಿರುವ ಹೆಮ್ಮೆ.

ನಮ್ಮ ವಿಷಯಕ್ಕೆ ಬೇಕಾದದ್ದು ಇನ್ನೊಂದು ಸಂಗತಿ. ಮಸ್ಕಿಯ ಶಾಸನ ಒಂಟಿಯಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಇಲ್ಲೆಲ್ಲ ಅದೇ ಆಜ್ಞೆಯ ಪ್ರತಿಗಳಿವೆ. ತಿರುಳು ಒಂದೇ, ಮೇಲಿನ ಮಾತು ಬೇರೆ ಬೇರೆ. ಬ್ರಹ್ಮಗಿರಿಯಲ್ಲಿ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಕುಶಲ ವಿಚಾರಿಸಿ, ಆಮೇಲೆ ರಾಜಾಜ್ಞೆ ತಿಳಿಸುತ್ತಾರೆ. ಮಸ್ಕಿಯಲ್ಲಿ ಆ ಪೀಠಿಕೆಯಿಲ್ಲ, ರಾಜನ ಹೆಸರೇ ಮೊದಲು. ಅಂದರೆ ಮೂಲ ಪಾಠ ಒಂದು, ಊರಿಗೆ ತಕ್ಕಂತೆ ತುಂಬಿದ ಭಾಗ ಇನ್ನೊಂದು. ಅಚ್ಚು ಮತ್ತು ಖಾಲಿ ಜಾಗ ಎಂದರೆ ಇದೇ ಅಲ್ಲವೆ?

ಅಚ್ಚು ಕೈಬದಲಾಗುವಾಗ ಆಗುವ ಎಡವಟ್ಟೂ ಆಗಲೇ ಇತ್ತು. ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಕೆತ್ತಿದವನು ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೂ, ಕೆಲವನ್ನು ಬಲದಿಂದ ಎಡಕ್ಕೂ ಕೆತ್ತಿದ್ದಾನೆ. ಓದುವವರಿಗೆ ದೊಡ್ಡ ಫಜೀತಿ. ಅದೇ ಶಾಸನದಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ರಜ್ಜುಕನೆಂಬ ಅಧಿಕಾರಿ ಭೇರಿ ಬಾರಿಸಿ ಈ ಆಜ್ಞೆಯನ್ನು ಜನಕ್ಕೆ ತಿಳಿಸಬೇಕು ಎಂಬುದು ಅದರ ಅರ್ಥ. ಬರೆದಿಟ್ಟರೆ ಸಾಲದು, ಓದು ಬಾರದವನ ಕಿವಿಗೂ ಮುಟ್ಟಬೇಕು ಎಂಬ ವಿವೇಕ ಅಂದಿನವರಿಗಿತ್ತು. ನಮ್ಮ ಊರುಗಳಲ್ಲಿ ತಳವಾರ ಸಾರುತ್ತಿದ್ದ ಡಂಗುರವೂ ಇದೇ ಜಾತಿಯದು.

ಶಾಸನ, ಚಿತ್ರ, ಪಹಣಿ

ಮುಂದೆ ಕನ್ನಡ ನಾಡಿನ ದಾನಶಾಸನಗಳು ಬಂದವು. ಅವುಗಳಿಗೂ ಒಂದು ಕಟ್ಟು ಇತ್ತು. ಮೊದಲು ಮಂಗಳದ ಮಾತು, ಆಮೇಲೆ ಆಳುವ ಅರಸು, ತಿಥಿ, ಕೊಟ್ಟವರು, ಪಡೆದವರು, ಭೂಮಿಯ ಚಕ್ಕುಬಂದಿ, ಕೊನೆಗೆ ಕೆಡಿಸಿದವನಿಗೆ ಶಾಪ. ಮೊದಲೂ ಕೊನೆಯೂ ಬಹುಮಟ್ಟಿಗೆ ಅವವೇ, ನಡುವಿನ ವಿವರ ಮಾತ್ರ ಬದಲಾಗುತ್ತಿತ್ತು.

ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ಭಾರಿ ಕಲ್ಲನ್ನು ಹಲವರು ನೋಡಿರಬಹುದು. ಉದ್ದ 41 ಅಡಿಗೂ ಮಿಗಿಲು. ಆ ಕಲ್ಲನ್ನು ಗಾಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಕೋಟೆಯ ಗೋಡೆಯಲ್ಲಿ ಕೆತ್ತಿದ್ದಾರೆ. ಅಕ್ಷರ ಬಲ್ಲವನು ಶಾಸನ ಓದಲಿ, ಬಾರದವನು ಚಿತ್ರ ನೋಡಿ ತಿಳಿಯಲಿ.

ಕಾಗದ ಬಂದ ಮೇಲೆ ಖಾಲಿ ಜಾಗ ಬಿಟ್ಟು ಅಚ್ಚು ಹಾಕಿದ ಫಾರಂಗಳು ಬಂದವು. ರೈತನಿಗೆ ಅತಿ ಹತ್ತಿರದ ಫಾರಂ ಪಹಣಿ. ಕೈಬರಹದ ಪಹಣಿಯಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬುದೇ ಎಷ್ಟೋ ಮನೆಗಳ ಗೋಳಾಗಿತ್ತು. ರಾಜ್ಯ ಸರಕಾರದ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ತಾಲೂಕು ಕಚೇರಿಯ ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆಯನ್ನೂ ಇಟ್ಟರು. ಒಳಗೆ ಕೂತವರು ಏನು ಮಾಡುತ್ತಿದ್ದಾರೆ ಎಂಬುದು ಹೊರಗೆ ನಿಂತವನಿಗೂ ಕಾಣಲಿ ಎಂಬುದು ಉದ್ದೇಶ. ನನ್ನ ದೃಷ್ಟಿಯಲ್ಲಿ ನಮ್ಮ ಭಾಗದ ಬಡ ರೈತನಿಗೆ ಸಿಕ್ಕ ಮೊದಲ ಉಪಯುಕ್ತ ಪರದೆ ಅದು.

ಗಾಜಿನ ಸ್ಲೈಡಿನಿಂದ ಕಂಪ್ಯೂಟರ್ ಸ್ಲೈಡಿಗೆ

ಸ್ಲೈಡ್ ಎಂಬ ಮಾತು ನಮಗೆ ಹೊಸದಲ್ಲ. ಟೂರಿಂಗ್ ಟಾಕೀಸಿನ ಇಂಟರ್‌ವಲ್ಲಿನಲ್ಲಿ ಜವಳಿ ಅಂಗಡಿಯ ಜಾಹೀರಾತು ತೋರಿಸುತ್ತಿದ್ದದ್ದು ಗಾಜಿನ ಸ್ಲೈಡಿನಿಂದಲೇ. ಹೊರದೇಶಗಳಲ್ಲಿ ಬೆಳಕಿನ ಫಲಕ ಅದಕ್ಕೂ ಮುಂಚೆಯೇ ಬೀದಿಗೆ ಬಂದಿತ್ತು. 1928ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಪತ್ರಿಕೆಯ ಕಟ್ಟಡದ ಸುತ್ತ 14,000ಕ್ಕೂ ಹೆಚ್ಚು ಬಲ್ಬುಗಳಲ್ಲಿ ಸುದ್ದಿ ಓಡತೊಡಗಿತು. 1987ರಲ್ಲಿ ಪವರ್‌ಪಾಯಿಂಟ್ ಎಂಬ ತಂತ್ರಾಂಶ ಬಂದ ಮೇಲೆ ಸ್ಲೈಡ್ ಮಾಡುವ ಕೆಲಸ ಸಾಮಾನ್ಯ ಗುಮಾಸ್ತನ ಕೈಗೂ ಬಂತು. ಇಂದು ಲಿಬ್ರೆ ಆಫೀಸಿನ ಇಂಪ್ರೆಸ್‌ನಂಥ ಬಿಟ್ಟಿ ತಂತ್ರಾಂಶವೇ ಸಾಕು.

ಕೇಂದ್ರ ಸರಕಾರವು 2022ರ ಜೂನ್ ತಿಂಗಳಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಕಂಪ್ಯೂಟರ್ ಬಂದಲ್ಲಿ ಗೋಡೆಯ ಪರದೆಯೂ ಹಿಂದೆಯೇ ಬರುತ್ತದೆ. ಬಂದಾಗ ಅದು ಬರೀ ಫೋಟೋ ತೋರಿಸುವ ಟಿ.ವಿ. ಆಗಬಾರದು.

ಒಳ್ಳೆಯ ಅಚ್ಚು ಹೇಗಿರಬೇಕು?

1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಚಿಲ್ಲರೆಯಾಗಿ ಗೊಬ್ಬರ ಮಾರುವವರು ದಾಸ್ತಾನು ಮತ್ತು ದರವನ್ನು ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಇದೇ ಫಲಕವನ್ನು ಸ್ಲೈಡ್ ಮಾಡುವುದಾದರೆ, ಸಂಘದ ಹೆಸರು, ನೋಂದಣಿ ಸಂಖ್ಯೆ, ಗೊಬ್ಬರದ ಹೆಸರುಗಳು, ಕೋಷ್ಟಕದ ಗೆರೆಗಳು ಅಚ್ಚಿನ ಭಾಗ. ಇವನ್ನು ಮೂಲ ಸ್ಲೈಡಿನಲ್ಲೇ, ಅಂದರೆ ಮಾಸ್ಟರ್ ಸ್ಲೈಡಿನಲ್ಲೇ ಇಟ್ಟರೆ ದಿನದ ಗಡಿಬಿಡಿಯಲ್ಲಿ ಅಳಿಸಿ ಹೋಗುವುದಿಲ್ಲ. ದಿನಾಂಕ, ಚೀಲಗಳ ಸಂಖ್ಯೆ, ದರ, ಇವು ಮಾತ್ರ ತುಂಬುವ ಜಾಗ. ಸಾಲದ ಕಂತಿನ ಕೊನೆಯ ದಿನ, ಸರ್ವಸದಸ್ಯರ ಸಭೆಯ ಕರೆ, ಇವಕ್ಕೆ ಬೇರೆ ಬೇರೆ ಅಚ್ಚು ಇರಲಿ.

ಅಕ್ಷರ ದಪ್ಪಗಿರಲಿ. ಒಂದು ಸ್ಲೈಡಿಗೆ ಐದಾರು ಸಾಲು ಸಾಕು. ಹಿರಿಯರು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಅದು ನಿಲ್ಲಬೇಕು. ಗೊಬ್ಬರದ ಹೆಸರಿನ ಪಕ್ಕ ಚೀಲದ ಚಿತ್ರವಿದ್ದರೆ ಕೋಟೆಯ ಗೋಡೆಯ ಚಿತ್ರದಂತೆ ಓದು ಬಾರದವರಿಗೂ ಅನುಕೂಲ. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಬೇಕು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದ ಕಡತವನ್ನು ಆ ಶೈಲಿಯಿಲ್ಲದ ಬೇರೆ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಎರ್ರಗುಡಿಯ ಸಾಲುಗಳಾದರೂ ಕಷ್ಟಪಟ್ಟರೆ ಓದಲಿಕ್ಕೆ ಬರುತ್ತವೆ, ಇವು ಬರುವುದಿಲ್ಲ! ಕರೆಂಟು ಹೋದ ದಿನಕ್ಕೆ ಕರಿಹಲಗೆ, ಸುಣ್ಣದ ಕಡ್ಡಿ ಇರಲೇಬೇಕು.

ಬರೆದವನ ಹೆಸರು

ಇಷ್ಟಾದರೂ ಮುಖ್ಯವಾದದ್ದು ಒಂದುಂಟು. ಬಂಡೆಯ ಮೇಲಿನ ಅಕ್ಷರವನ್ನು ರಾತ್ರೋರಾತ್ರಿ ಬದಲಿಸಲಾಗದು. ಪರದೆಯ ಮೇಲಿನ ಅಂಕಿಯನ್ನು ಅರೆಗಳಿಗೆಯಲ್ಲಿ ಬದಲಿಸಬಹುದು, ಬದಲಿಸಿದ ಗುರುತೂ ಕಾಣುವುದಿಲ್ಲ. ಬೆಳಿಗ್ಗೆ 40 ಚೀಲ ಇದ್ದದ್ದು ಮಧ್ಯಾಹ್ನ ಸೊನ್ನೆಯಾದರೆ, ಅವು ಹಂಚಿಕೆಯಾದವೋ ಬೇರೆ ದಾರಿ ಹಿಡಿದವೋ ಎಂದು ಜನ ಅನುಮಾನಪಡುತ್ತಾರೆ. ಸಂಘ ನಿಂತಿರುವುದು ನಂಬಿಕೆಯ ಮೇಲೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಹ ಆ ಬಂಡವಾಳದ ಮೇಲೆಯೇ.

ಆದ್ದರಿಂದ ಪ್ರತಿ ಸ್ಲೈಡಿನ ಕೆಳಗೆ ತುಂಬಿದ ದಿನ, ವೇಳೆ, ತುಂಬಿದವರ ಹುದ್ದೆ, ಎಲ್ಲಿಯವರೆಗೆ ಇದು ಸರಿ ಎಂಬ ನಾಲ್ಕು ವಿವರಗಳಿರಲಿ. ದಿನದ ಕೊನೆಯ ಸ್ಲೈಡನ್ನು ಅಚ್ಚು ತೆಗೆದು ಕಡತದಲ್ಲಿಡಲಿ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಇದನ್ನು ಬರೆದವನು ಚಪಡನೆಂಬ ಲಿಪಿಕಾರ ಎಂದಿದೆ. ಅಶೋಕ ಚಕ್ರವರ್ತಿಯ ಆಜ್ಞೆಗೇ ಬರೆದವನ ಹೆಸರು ಇರುವಾಗ, ನಮ್ಮ ಯೂರಿಯಾ ಚೀಲದ ಲೆಕ್ಕಕ್ಕೆ ಬೇಡವೆ? ಮುಂದಿನ 25 ವರ್ಷಗಳಲ್ಲಿ ಸಂಘದ ಗೋಡೆಯ ಮೇಲೆ ಏನೇ ಬರಲಿ, ಅದನ್ನು ಓದಿದ ರೈತ "ಹಾಂಗೇ ಐತಿ ಬಿಡ್ರಿ" ಎಂದು ನಂಬಿ ಒಳಗೆ ಬರುವಂತಿರಲಿ.