ಮೆಟ್ರಿ-ಕಂಪ್ಲಿ ಸೀಮೆಯ ಹಗೇವುಗಳೂ ಉಗ್ರಾಣಗಳೂ

ದಾಸೋಹವು ಮಠಗಳ ಪ್ರಾಣವೆಂಬುದು ಭಕ್ತಮಹಾಶಯರಿಗೆ ವಿದಿತವೇ ಆಗಿದೆ. ಆ ದಾಸೋಹದ ಬೇರು ಉಗ್ರಾಣದಲ್ಲಿದೆಯೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಸುಗ್ಗಿಯಲ್ಲಿ ಬಂದ ಕಾಳು ಶ್ರಾವಣದ ಪಂಕ್ತಿಗೂ, ಅದಕ್ಕಿಂತ ಮಿಗಿಲಾಗಿ ಮಳೆ ಬಾರದ ಮುಂದಿನ ವರ್ಷಕ್ಕೂ ಉಳಿಯಬೇಕಾದರೆ ಅದನ್ನು ಎಲ್ಲಿ, ಎಷ್ಟು ಎಡೆಯಲ್ಲಿ, ಯಾವ ಬಗೆಯಿಂದ ಇಡಬೇಕೆಂಬ ವಿಚಾರವು ನಮ್ಮ ಹಿರಿಯರನ್ನು ಬಹುಕಾಲ ಕಾಡಿದ್ದುಂಟು. ಈ ವಿಚಾರದಲ್ಲಿ ಮೆಟ್ರಿ, ಕಂಪ್ಲಿ, ಹೊಸಪೇಟೆಗಳ ಸೀಮೆಯ ಚರಿತ್ರೆಯು ಅರಿಯಲು ಯೋಗ್ಯವಾದುದು.

ಮೆಟ್ರಿಯು ಮೊದಲು ಹೊಸಪೇಟೆ ತಾಲೂಕಿನಲ್ಲಿದ್ದು, ಈಗ ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲೂಕಿಗೆ ಸೇರಿದೆ. ಈ ಸೀಮೆಯ ನೆಲವು ಎರಡು ಬಗೆಯದು. ತುಂಗಭದ್ರೆಯ ದಡದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ನೀರುಣ್ಣುವ ಮಾಗಾಣಿ ಭೂಮಿ. ಅದರಾಚೆಗೆ ಮಳೆಯನ್ನೇ ನಂಬಿದ ಬೆದ್ದಲು. ಮಾಗಾಣಿಯಲ್ಲಿ ನೆಲ ಸದಾ ತೇವ, ಆದಕಾರಣ ಅಲ್ಲಿಯ ಭತ್ತಕ್ಕೆ ಬಿದಿರಿನ ಕಣಜವೂ ಮಣ್ಣಿನ ವಾಡೆಯೂ ಆಶ್ರಯವಾದುವು. ಬೆದ್ದಲಿನ ಜೋಳವಾದರೋ ಭೂಗರ್ಭವನ್ನು ಸೇರಿತು. ಅದೇ ಹಗೇವು.

1520ರ ಸುಮಾರಿಗೆ ಹಂಪೆಯನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಆ ನಗರದಲ್ಲಿ ಅಕ್ಕಿ, ಗೋಧಿ, ಜೋಳ, ಕಾಳುಗಳ ಸಮೃದ್ಧಿಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಪೇಟೆಯ ರಾಶಿ ಕಣ್ಣಿಗೆ ಕಾಣುತ್ತದೆ, ಪ್ರವಾಸಿಗಳು ಅದನ್ನೇ ಬರೆಯುತ್ತಾರೆ. ರೈತನ ಬೀದಿಯ ಕೆಳಗೆ ಹುದುಗಿದ ರಾಶಿಯಾದರೋ ಹಾದುಹೋಗುವವನ ಕಣ್ಣಿಗೆ ಬೀಳುವಂತಹುದಲ್ಲ.

ಹಗೇವಿಗೆ ಮೊದಲು ಬೇಕಾದುದು ನೀರು ನಿಲ್ಲದ, ಗಟ್ಟಿಯಾದ ಎತ್ತರದ ನೆಲ. ಒಬ್ಬನು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಅಗೆದ ಬಳಿಕ ಒಳಗೆ ಬೆಂಕಿಯಿಟ್ಟು ಪಸೆಯನ್ನು ಆರಿಸುತ್ತಿದ್ದರು. ತಳಕ್ಕೂ ಸುತ್ತಲಿಗೂ ಒಣಹುಲ್ಲನ್ನು ಒತ್ತಿ, ಚೆನ್ನಾಗಿ ಒಣಗಿದ ಜೋಳವನ್ನು ಕಂಠದವರೆಗೆ ತುಂಬಿ, ಮೇಲೆ ಹುಲ್ಲು, ಹುಲ್ಲಿನ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಮುಚ್ಚಿದ ಮೇಲೆ ಅದರ ಮೇಲೆಯೇ ಬಂಡಿಗಳು ಓಡಾಡುವುವು. ಇಷ್ಟು ಧಾನ್ಯವನ್ನು ಹೊತ್ತೂ ಊರಿನ ಒಂದು ಗೇಣು ನೆಲವನ್ನು ಆಕ್ರಮಿಸದ ಉಗ್ರಾಣ ಮತ್ತೊಂದಿಲ್ಲ.

ಕಂಠದವರೆಗೆ ತುಂಬುವುದು ಜಿಪುಣತನವಲ್ಲ, ಶಾಸ್ತ್ರ. ಕಾಳಿಗೂ ಉಸಿರಾಟವುಂಟು. ಮುಚ್ಚಿದ ಕುಳಿಯೊಳಗೆ ಕಾಳೂ ಹುಳವೂ ಕೂಡಿ ಆಮ್ಲಜನಕವನ್ನು ತೀರಿಸಿ ಅಂಗಾರಾಮ್ಲವನ್ನು ತುಂಬುತ್ತವೆ. ಬಳಿಕ ನುಸಿಗೆ ಬದುಕಿಲ್ಲ. ಬರಿದಾದ ಎಡೆ ಎಷ್ಟು ಕಡಿಮೆಯೋ ಅಷ್ಟು ಬೇಗ ಈ ಕಾರ್ಯವಾಗುತ್ತದೆ. ಇಂದು ಮಾರಾಟಕ್ಕೆ ಬಂದಿರುವ ಗಾಳಿಯಾಡದ ಧಾನ್ಯದ ಚೀಲಗಳು ಇದೇ ತತ್ತ್ವವನ್ನು ಅವಲಂಬಿಸಿವೆ. ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡದು. ತೆರೆದ ಹಗೇವನ್ನು ಕೆಲಹೊತ್ತು ಹಾಗೆಯೇ ಬಿಟ್ಟು, ಉರಿವ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕೆಂಬ ಕಟ್ಟಳೆ ಹುಟ್ಟಿದ್ದು ಇದರಿಂದಲೇ.

ಮಣ್ಣಿಗೆ ತಾಗಿದ ಅಂಚಿನ ಕಾಳು ಕೆಡುವುದು ಹಗೇವಿನ ದೋಷ. ಸುತ್ತಲೂ ಮೂರಂಗುಲ ಕೆಟ್ಟಿತೆಂದು ಲೆಕ್ಕಕ್ಕೆ ಹಿಡಿಯೋಣ. ದುಂಡು ಬಾವಿಯಂತಹ ಕುಳಿಯ ಅಡ್ಡಳತೆ 4 ಅಡಿಯಾದರೆ ನೂರಕ್ಕೆ 23 ಪಾಲು ಹೋಗುತ್ತದೆ. 8 ಅಡಿಯಾದರೆ 12 ಪಾಲು ಮಾತ್ರ. ದೊಡ್ಡ ಹಗೇವೇ ಲಾಭಕರವೆಂದು ಇದರಿಂದ ತೋರುವುದು ಸಹಜ. ಆದರೆ ಒಮ್ಮೆ ಬಾಯಿ ತೆರೆದ ಮೇಲೆ ಗಾಳಿಯೂ ತೇವವೂ ನುಗ್ಗುವುದರಿಂದ ಪೂರ್ತಿ ಬರಿದುಮಾಡಲೇಬೇಕು. ಅಷ್ಟು ಜೋಳವನ್ನು ಒಂದೇ ಸಲ ತೆಗೆದು ಒಂದು ಮನೆಯವರು ಏನು ಮಾಡಿಯಾರು? ಹಂಚಿಕೊಳ್ಳುವವರು ನೆರೆಯಲ್ಲಿದ್ದರೆ ಮಾತ್ರ ದೊಡ್ಡ ಹಗೇವಿಗೆ ಅರ್ಥವುಂಟು. ನಿತ್ಯದ ರೊಟ್ಟಿಗೆ ವಾಡೆ, ಕೆಟ್ಟ ವರ್ಷಕ್ಕೆ ಹಗೇವು ಎಂಬ ವಿಭಾಗವು ಹೀಗೆ ಏರ್ಪಟ್ಟಿತು.

ಹೊರತೆಗೆಯುವ ವಿಚಾರವನ್ನು ಬಿಟ್ಟು ಬರಿಯ ಗಾತ್ರವನ್ನೇ ನೋಡಿದರೆ ಏನಾಗುವುದೆಂಬುದಕ್ಕೆ ದೂರದ ಪಾಟ್ನಾದಲ್ಲಿ ನಿದರ್ಶನವಿದೆ. 1770ರ ಬಂಗಾಳದ ಕ್ಷಾಮದ ತರುವಾಯ ಕಂಪನಿ ಸರಕಾರವು ಅಲ್ಲಿ ಗೋಲಘರವೆಂಬ ಮಹಾಕಣಜವನ್ನು ಕಟ್ಟಿಸಿ 1786ರಲ್ಲಿ ಪೂರೈಸಿತು. ಒಂದು ಲಕ್ಷ ನಲವತ್ತು ಸಾವಿರ ಟನ್ ಹಿಡಿಯಬೇಕೆಂದು ಎಣಿಸಿದ್ದ ಅದು ಎಂದೂ ತುಂಬಲಿಲ್ಲ. ಅದರ ಬಾಗಿಲುಗಳು ಒಳಮುಖವಾಗಿ ತೆರೆಯುವುವು, ತುಂಬಿದ್ದರೆ ತೆರೆಯಲೇ ಬಾರದೆಂದು ಜನ ಇಂದಿಗೂ ಹೇಳುತ್ತಾರೆ.

ಹಗೇವಿನ ಶಕ್ತಿಗೂ ಮಿತಿಯಿದ್ದಿತು. 1876-78ರ ಮಹಾಕ್ಷಾಮದಲ್ಲಿ ಮದ್ರಾಸಿನ ಕಡಲತೀರದಲ್ಲಿ ಆಮದಾದ ಧಾನ್ಯ ರಾಶಿ ಬಿದ್ದಿತ್ತು, ಸಾಗಿಸಲು ರೈಲು ಸಾಲದೆ ಹೋಯಿತು. 1871 ಮತ್ತು 1881ರ ಖಾನೇಸುಮಾರಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಮನೆಯಂಗಳದ ಕುಳಿಯು ಒಂದು ವರ್ಷದ ಬೆಳೆ ಹೋದರೆ ಕಾಯಬಲ್ಲದು. ಅದು ಬರಿದಾದ ಮೇಲೆ ಮತ್ತೆ ಬೆಳೆ ಹೋದರೆ ತುಂಬುವುದಕ್ಕೆ ಕಾಳೆಲ್ಲಿ?

ಆದರೆ ಹಗೇವುಗಳನ್ನು ಕೊನೆಗಾಣಿಸಿದ್ದು ಬರವಲ್ಲ, ನೀರು. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಿಗೆ 1953ರಲ್ಲಿ ನೀರು ಹರಿಯಿತು. ನೀರು ಬಂದೆಡೆಯಲ್ಲಿ ಬೆದ್ದಲು ಗದ್ದೆಯಾಯಿತು, ಜೋಳವಿದ್ದಲ್ಲಿ ಭತ್ತ ಬಂದಿತು, ನೆಲದೊಳಗೆ ತೇವ ಏರಿತು. 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಸ್ಥಾಪಿತವಾದುವು. ಈಗಿನ ಗೋದಾಮಿನಲ್ಲಿ ಮೂಟೆಗಳನ್ನು ಮರದ ಹಲಗೆಚೌಕಟ್ಟಿನ ಮೇಲೆ 30 ಅಡಿ ಉದ್ದ 20 ಅಡಿ ಅಗಲದ ಅಟ್ಟಿಗಳಾಗಿ ಪೇರಿಸಿ, ಗೋಡೆಗೆ ತಾಗಗೊಡದೆ, ನಡುನಡುವೆ ದಾರಿ ಬಿಡುತ್ತಾರೆ. ಅಟ್ಟಿಗಳ ನಡುವೆ 3 ಅಡಿ ದಾರಿಯೆಂದರೂ ನೆಲದ ಐದರಲ್ಲೊಂದು ಪಾಲು ದಾರಿಗೇ ಸಲ್ಲುತ್ತದೆ. ನೋಡುವವರಿಗೆ ಇದು ವ್ಯರ್ಥವೆಂದು ತೋರಬಹುದು. ಆದರೆ ಎಣಿಸುವುದಕ್ಕೂ, ಔಷಧದ ಹೊಗೆ ಹಾಕುವುದಕ್ಕೂ, ಮೊದಲು ಬಂದ ಮೂಟೆಯನ್ನು ಮೊದಲು ಕಳುಹುವುದಕ್ಕೂ ಆ ದಾರಿಯೇ ಆಧಾರ. ಅದನ್ನು ಮುಚ್ಚಿ ಮೂಟೆ ತುಂಬಿದ ಗೋದಾಮಿನಲ್ಲಿ ಹಳೆಯ ಚೀಲ ಮೂಲೆಯಲ್ಲಿಯೇ ಮುಗ್ಗುವುದು. ಹಗೇವಿನ ಅಂಚಿನಲ್ಲಿ ಕೆಟ್ಟ ಕಾಳಿಗೂ ಗೋದಾಮಿನ ಬರಿದು ದಾರಿಗೂ ಲೆಕ್ಕ ಹಾಕಿದರೆ ತೆತ್ತ ಬೆಲೆ ಹೆಚ್ಚು ಕಡಿಮೆ ಒಂದೇ.

ಬಳಕೆ ತಪ್ಪಿದ ಹಗೇವುಗಳಲ್ಲಿ ಕೆಲವನ್ನು ಮಣ್ಣಿನಿಂದ ತುಂಬಿದರು, ಕೆಲವನ್ನು ಹಾಗೆಯೇ ಮರೆತರು. ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಜಡಿಮಳೆ ಹಿಡಿದಾಗ ಬೀದಿಯ ನಡುವೆ ನೆಲ ಕುಸಿದು ದುಂಡನೆಯ ಕುಳಿ ಬಾಯ್ದೆರೆಯುವುದುಂಟು.